ಗೆರೆಯ ಮುಂದೆ ಒಂದು ಹೆಜ್ಜೆ

ಮಾರ್ಚ್ 3, ಸೋಮವಾರ

ತಂಡದಲ್ಲಿ ನಾನಿಲ್ಲ. ತಿಳಿಸಿದ್ದು ಆಯ್ಕೆ ಸಮಿತಿಯಲ್ಲ, ತರಬೇತಿ ಕೊಡುವ ಮೇಷ್ಟ್ರೂ ಅಲ್ಲ; ಮೆಕ್ಯಾನಿಕ್ ಅಣ್ಣ.

ಬೆಳಿಗ್ಗೆ ಆರೂವರೆಗೆ ಟ್ರ್ಯಾಕಿಗೆ ಹೋದಾಗ ನನ್ನ ಸೈಕಲ್ಲು ರಿಪೇರಿ ಸ್ಟ್ಯಾಂಡಿನಲ್ಲಿ ನೇತಾಡುತ್ತಿತ್ತು. ಹಿಂದಿನ ಚಕ್ರ ಇರಲಿಲ್ಲ. ಕಡ್ಡಿಗಳಿಲ್ಲದೆ ತಟ್ಟೆಯಂತೆ ಮುಚ್ಚಿಕೊಂಡ ಆ ಚಕ್ರ ನಮ್ಮಲ್ಲಿರುವುದು ಒಂದೇ. ಹನ್ನೊಂದು ವರ್ಷದಿಂದ ಅದು ನನ್ನ ಸೈಕಲ್ಲಿನಲ್ಲಿತ್ತು.

"ಅಣ್ಣಾ, ಚಕ್ರ ಎಲ್ಲಿ?"

ಅವರು ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. "ಆ ಹುಡುಗಿ ಸೈಕಲ್ಲಿಗೆ ಹಾಕು ಅಂದ್ರು. ನಿನಗೆ ಹೇಳಿರ್ತಾರೆ ಅಂದ್ಕೊಂಡೆ."

"ಯಾರು ಅಂದ್ರು?"

"ಇನ್ಯಾರಮ್ಮ. ಮೇಷ್ಟ್ರು."

ಫಲಕದ ಮೇಲೆ ರಾಷ್ಟ್ರೀಯ ಕೂಟದ ಪಟ್ಟಿ ಹಚ್ಚಿದ್ದು ಒಂಬತ್ತು ಗಂಟೆಗೆ. ಮಹಿಳೆಯರ ಮೂರು ಸಾವಿರ ಮೀಟರ್ ಪರ್ಸ್ಯೂಟಿಗೆ ಒಂದೇ ಹೆಸರು, ಆ ಹುಡುಗಿಯದು. ಹತ್ತೊಂಬತ್ತು ವರ್ಷ. ಟ್ರ್ಯಾಕಿಗೆ ಬಂದು ಎರಡು ವರ್ಷವಾಗಿದೆ.

ದಾಖಲೆಗಾಗಿ ಬರೆದಿಡುತ್ತೇನೆ. ನನಗೆ ಮೂವತ್ತನಾಲ್ಕು. ರಾಷ್ಟ್ರೀಯ ಪ್ರಶಸ್ತಿ ಏಳು ಬಾರಿ. ರಾಷ್ಟ್ರೀಯ ದಾಖಲೆ ನನ್ನದೇ: 3 ನಿಮಿಷ 36.41 ಸೆಕೆಂಡು. ಹತ್ತು ವರ್ಷದಲ್ಲಿ ಅದರ ಹತ್ತಿರ ಯಾರೂ ಸುಳಿದಿಲ್ಲ. ವಿಶ್ವ ಕೂಟದಲ್ಲಿ ಒಂದು ಬೆಳ್ಳಿ. ಬೆಳ್ಳಿಯ ಮಾತು ಇವತ್ತು ಬೇಡ.

ಈ ಪುಸ್ತಕದಲ್ಲಿ ಇದುವರೆಗೆ ಬರೆದದ್ದು ನಾಡಿ, ತೂಕ, ನಿದ್ದೆ ಮಾತ್ರ. ಇವತ್ತು ಹಾಳೆ ಸಾಲಲಿಲ್ಲ.

ನಾಡಿ 44. ತೂಕ 61.2. ಎಡ ಮಂಡಿ ನೋವು.

ಮಾರ್ಚ್ 7, ಶುಕ್ರವಾರ

ಮೇಷ್ಟ್ರು ನನಗೊಂದು ಕೆಲಸ ಕೊಟ್ಟಿದ್ದಾರೆ. ಕರೆಸಿ ಅವರೇ ಹೇಳಿದರು, ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ, ಕುರ್ಚಿಯಿಂದ ಏಳದೆ. ಜನವರಿಯಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಏಳುವುದೇ ಕಷ್ಟ. ಊರುಗೋಲನ್ನು ಮೇಜಿಗೆ ಒರಗಿಸಿದ್ದರು.

"ಗೆರೆ ನಡೆಯೋಕೆ ನನ್ನ ಕೈಲಿ ಆಗಲ್ಲ. ಹದಿನೇಳು ಸೆಕೆಂಡಿಗೊಂದು ಸಲ ಆ ಕಡೆ ಈ ಕಡೆ ಹೆಜ್ಜೆ ಹಾಕ್ಬೇಕು. ಕೋಲು ಹಿಡ್ಕೊಂಡು ನಿಂತ್ರೆ ಹುಡುಗಿಗೆ ಕಾಣೋದು ಕೋಲು. ನೀನು ನಡಿ."

"ತಂಡದಲ್ಲಿ ನಾನಿಲ್ಲವಲ್ಲ ಸರ್."

"ಅದಕ್ಕೇ ಹೇಳಿದ್ದು. ಪುರುಸೊತ್ತಿದೆ ನಿನಗೆ."

ಹದಿನಾಲ್ಕು ವರ್ಷ ಇವರ ಕೈಕೆಳಗೆ ತುಳಿದಿದ್ದೇನೆ. ಪಟ್ಟಿಯ ವಿಷಯ ಒಂದು ಮಾತು ಎತ್ತಲಿಲ್ಲ. ನಾನು ಎತ್ತುತ್ತೇನೆಂದು ಅವರು ಕಾದರು. ನಾನೂ ಎತ್ತಲಿಲ್ಲ.

ಆಗಲಿ ಎಂದು ಹೇಳಿ ಬಂದೆ. ಏಕೆ ಹೇಳಿದೆನೋ ಗೊತ್ತಿಲ್ಲ. ಬೆಳಿಗ್ಗೆ ಆರೂವರೆಗೆ ಹೋಗಲು ಬೇರೆ ಜಾಗವಿಲ್ಲ, ಅದಕ್ಕಿರಬೇಕು.

ನಾಡಿ 45. ತೂಕ 61.0.

ಮಾರ್ಚ್ 8, ಶನಿವಾರ

ಅಮ್ಮ ಕೇಳಿದಳು, "ಏನು ಕೆಲಸ ಅದು? ಸಂಬಳದ್ದಾ, ಸೇವೆಯದಾ?"

ಅಡುಗೆಮನೆಯ ನೆಲದ ಎರಡು ಹಾಸುಗಲ್ಲಿನ ನಡುವಿನ ಗೆರೆಯ ಮೇಲೆ ನಿಂತು ತೋರಿಸಿದೆ. ಪರ್ಸ್ಯೂಟ್ ಎಂದರೆ ಇಬ್ಬರು ಟ್ರ್ಯಾಕಿನ ಎದುರುಬದುರಿನಿಂದ ಹೊರಟು ಒಬ್ಬರನ್ನೊಬ್ಬರು ಅಟ್ಟುವ ಓಟ. ಹನ್ನೆರಡು ಸುತ್ತು. ಎದುರಾಳಿ ಕಣ್ಣಿಗೆ ಬೀಳುವುದಿಲ್ಲ, ಕೂಗಿದರೆ ಕೇಳುವುದಿಲ್ಲ, ಸೈಕಲ್ಲಿನಲ್ಲಿ ಗಡಿಯಾರವಿಲ್ಲ. ಕಾಣುವುದು ಒಂದೇ: ಟ್ರ್ಯಾಕಿನ ಒಳಬದಿ, ಗೆರೆಯ ಪಕ್ಕ ನಿಂತವರ ಕಾಲು. ಕಾಲು ಗೆರೆಯ ಮೇಲಿದ್ದರೆ, ಮೊದಲೇ ಗೊತ್ತು ಮಾಡಿಕೊಂಡ ವೇಗದಲ್ಲಿದ್ದೀ ಎಂದರ್ಥ. ಗೆರೆಯ ಮುಂದೆ ಒಂದು ಹೆಜ್ಜೆ ಎಂದರೆ ಅರ್ಧ ಸೆಕೆಂಡು ಗಳಿಸಿದ್ದೀ. ಹಿಂದೆ ಒಂದು ಹೆಜ್ಜೆ ಎಂದರೆ ಅರ್ಧ ಸೆಕೆಂಡು ಕಳೆದಿದ್ದೀ. ಸುತ್ತಿಗೊಮ್ಮೆ ಕಾಲು ನೋಡಬೇಕು, ನಂಬಬೇಕು, ತುಳಿಯಬೇಕು.

"ಅಂದ್ರೆ ಚೌಕದಲ್ಲಿ ನಿಂತ ಪೊಲೀಸಿನವನ ಕೆಲಸ," ಎಂದಳು ಅಮ್ಮ. "ಅವನಿಗಾದ್ರೂ ಸೀಟಿ ಇರುತ್ತೆ."

"ನನಗೆ ಸ್ಟಾಪ್‌ವಾಚ್ ಇದೆ."

"ಇಷ್ಟು ವರ್ಷ ಸುತ್ತಿ ಸುತ್ತಿ ಎಲ್ಲಿಗೆ ಹೋದೆ ಅಂತ ಕೇಳ್ತಿದ್ದೆ. ಈಗ ನಿಂತೇ ಬಿಟ್ಯಲ್ಲ. ಒಳ್ಳೇದು, ಆ ಕಾಲು ತೆಗಿ, ನೆಲ ಒರೆಸ್ಬೇಕು."

ಮಾರ್ಚ್ 13, ಗುರುವಾರ

ಮೊದಲ ಬಾರಿ ಗೆರೆ ನಡೆದೆ. ಎಂಟು ಸುತ್ತಿನ ಅಭ್ಯಾಸ. ಆ ಹುಡುಗಿ ಹೊರಡುವಾಗ ಕತ್ತೆ ಎದ್ದ ಹಾಗೆ ಏಳುತ್ತಾಳೆ, ಮೊದಲು ಹಿಂಭಾಗ, ಆಮೇಲೆ ಉಳಿದದ್ದು. ಮೊದಲ ಸುತ್ತಿಗೆ 23.1. ಆ ಸುತ್ತಿನಲ್ಲೇ ಮುಕ್ಕಾಲು ಸೆಕೆಂಡು ದಾನ. ಎರಡನೆಯ ಸುತ್ತಿನಿಂದ ಮಾತ್ರ ಹೆಸರಿಡುವಂತಿಲ್ಲ. ಸೊಂಟ ಅಲ್ಲಾಡುವುದಿಲ್ಲ. ಟ್ರ್ಯಾಕಿನ ಒಳ ಅಂಚಿನುದ್ದಕ್ಕೂ ಎಳೆದ ಕಪ್ಪು ಗೆರೆ ಬಿಟ್ಟು ಎರಡು ಬೆರಳು ಆಚೆ ಹೋಗುವುದಿಲ್ಲ. ನನ್ನ ಚಕ್ರ ಅವಳ ಕೆಳಗೆ ಬೇರೆಯೇ ಸದ್ದು ಮಾಡುತ್ತದೆ, ಒಂದೇ ಸಮನೆ, ಕಾಗದ ಹರಿದಂತೆ.

ಇಳಿದು ಬಂದು ಹೆಲ್ಮೆಟ್ ತೆಗೆದಳು. "ಅಕ್ಕ, ನೀವು ನಿಂತ್ರೆ ಹೆದರಿಕೆ ಆಗುತ್ತೆ."

"ಯಾಕೆ? ಕಚ್ತೀನಾ?"

"ಮೇಷ್ಟ್ರು ಗಡಿಯಾರ ನೋಡ್ತಿದ್ರು. ನೀವು ನನ್ನ ಮಂಡಿ ನೋಡ್ತೀರ."

ಹೊರಡುವಾಗ ಎಡಗಾಲು ಮುಂದಿಡು, ಬಲಗಾಲಲ್ಲ ಎಂದೆ. ಅಷ್ಟೇ ಹೇಳಿದ್ದು. ಪಾಠ ಹೇಳಲು ನನಗೆ ಯಾರೂ ಹೇಳಿಲ್ಲ.

ನಾಡಿ 46. ತೂಕ 61.5. ಮಂಡಿ ಹಾಗೇ ಇದೆ.

ಮಾರ್ಚ್ 18, ಮಂಗಳವಾರ

ಎಡಗಾಲಿನಲ್ಲಿ ಹೊರಟು 22.6. ನನಗೇನು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕಿರಿಯರು ಮಾತಾಡುವುದು ಕೇಳಿಸಿತು. ನನಗೆ ಅವರಿಟ್ಟ ಹೆಸರು ಬೆಳ್ಳಕ್ಕ. ಗೊತ್ತಿರುವ ವಿಷಯವೇ. "ಬೆಳ್ಳಕ್ಕ ಇವಳಿಗೆ ಸರಿಯಾಗಿ ತೋರಿಸ್ತಾಳೆ ಅಂತೀಯಾ? ತನ್ನ ದಾಖಲೆ ತಾನೇ ಮುರಿಸೋಕೆ ಯಾರು ನಿಲ್ತಾರೆ? ಬೇಲಿಗೇ ಹೊಲ ಕಾಯೋಕೆ ಹೇಳಿದ ಹಾಗಾಯ್ತು." ನಾನು ಕೆಮ್ಮಿದೆ.

ಬೆಳ್ಳಿಯ ಮಾತನ್ನು ಬರೆದೇ ಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ, ವಿಶ್ವ ಕೂಟದ ಫೈನಲ್. ಮೇಷ್ಟ್ರೂ ನಾನೂ ಕೂತು ಗೊತ್ತು ಮಾಡಿಕೊಂಡದ್ದು 3 ನಿಮಿಷ 36. ನಾಲ್ಕನೆಯ ಸುತ್ತಿಗೆ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ನಿಂತಿದ್ದರು. ತುಳಿದೆ. ಆರನೆಯದಕ್ಕೂ ಹಿಂದೆ. ಮತ್ತೆ ತುಳಿದೆ. ಎಂಟಕ್ಕೆ ಎರಡು ಹೆಜ್ಜೆ ಹಿಂದೆ. ಆಮೇಲೆ ಕಾಲುಗಳು ನನ್ನವಾಗಿರಲಿಲ್ಲ. ಮುಗಿಸಿದ್ದು 3 ನಿಮಿಷ 40.2. ಎದುರಾಳಿ 3 ನಿಮಿಷ 36.9ರಲ್ಲಿ ಚಿನ್ನ ಒಯ್ದಳು. ಮರುದಿನದ ಪತ್ರಿಕೆಯ ತಲೆಬರಹ: ಆತುರಗಾರನಿಗೆ ಬುದ್ಧಿ ಮಟ್ಟ. ಕೆಳಗೆ ಮೇಷ್ಟ್ರ ಹೇಳಿಕೆ: "ಹುಡುಗಿ ಮೊದಲೇ ಎಲ್ಲಾ ಖಾಲಿ ಮಾಡಿಕೊಂಡಳು." ನಾನೂ ಹಾಗೇ ಅಂದುಕೊಂಡೆ. ಶುರುವಿನಲ್ಲಿ ನಿಧಾನವಾಗಿದ್ದೆ, ಆಮೇಲೆ ಗಾಬರಿಬಿದ್ದೆ, ಕೆಟ್ಟೆ. ಒಂಬತ್ತು ವರ್ಷ ಅದೇ ಉತ್ತರ, ಕೇಳಿದವರಿಗೂ ಕೇಳದವರಿಗೂ.

ಮಾರ್ಚ್ 24, ಸೋಮವಾರ

ಆ ಫೈನಲ್ಲಿನ ಕಾರ್ಡು ಸಿಕ್ಕಿತು. ಕೊಟ್ಟವರು ಮೇಷ್ಟ್ರೇ, ತಿಳಿದು ಕೊಟ್ಟದ್ದಲ್ಲ.

ಹುಡುಗಿಗೆ ಸುತ್ತಿನ ಕಾರ್ಡು ಬರೆಯುವುದನ್ನು ಕಲಿ ಎಂದು ತಮ್ಮ ತಗಡಿನ ಡಬ್ಬಿ ಕೊಟ್ಟಿದ್ದರು. ಬಿಸ್ಕತ್ತಿನ ಹಳೆಯ ಡಬ್ಬಿ. ಒಳಗೆ ಇಪ್ಪತ್ತೈದು ವರ್ಷದ ಕಾರ್ಡುಗಳು, ರಬ್ಬರ್ ಬ್ಯಾಂಡಿನಲ್ಲಿ ವರ್ಷಕ್ಕೊಂದು ಕಟ್ಟು. ಪ್ರತಿ ಕಾರ್ಡಿನಲ್ಲೂ ಪೆನ್ಸಿಲಿನ ಎರಡು ಸಾಲು. ಎಡಕ್ಕೆ, ಪ್ರತಿ ಸುತ್ತಿನ ಕೊನೆಗೆ ಎಷ್ಟಾಗಿರಬೇಕು. ಬಲಕ್ಕೆ, ಎಷ್ಟಾಯಿತು. ಗೆರೆ ನಡೆಯುವವರು ಎಡ ನೋಡಿ, ಗಡಿಯಾರ ನೋಡಿ, ಹೆಜ್ಜೆ ಇಡುತ್ತಾರೆ.

ನನ್ನ ಕಾರ್ಡು ಹುಡುಕಿದೆ. 3 ನಿಮಿಷ 36ಕ್ಕೆ ಮೊದಲ ಸುತ್ತು 22.4, ಉಳಿದ ಹನ್ನೊಂದು ಸುತ್ತು ತಲಾ 17.6. ಇದು ನನಗೆ ನಿದ್ದೆಯಲ್ಲೂ ಬರುತ್ತದೆ. ಕಾರ್ಡಿನ ಎಡಸಾಲಿನಲ್ಲಿ ಅದಿರಲಿಲ್ಲ. ಅಲ್ಲಿದ್ದದ್ದು ತಲಾ 17.2. ಕೂಡಿದರೆ 3 ನಿಮಿಷ 31.6. ಆ ವೇಗವನ್ನು ಆಗ ಈ ದೇಶದಲ್ಲಿ ಯಾರೂ ಕನಸಿನಲ್ಲೂ ತುಳಿದಿರಲಿಲ್ಲ.

ಬಲಸಾಲು ನನ್ನದು. ಎಂಟನೆಯ ಸುತ್ತಿಗೆ 143.7 ಸೆಕೆಂಡು. ನಾವು ಒಪ್ಪಿಕೊಂಡ ಲೆಕ್ಕದಲ್ಲಿ ಅಲ್ಲಿ ಇರಬೇಕಾದದ್ದು 145.6. ಸುಮಾರು ಎರಡು ಸೆಕೆಂಡು ಮುಂದಿದ್ದೆ. ಗೆರೆಯ ಮುಂದೆ ನಾಲ್ಕು ಹೆಜ್ಜೆ. ಮೇಷ್ಟ್ರು ನಿಂತಿದ್ದದ್ದು ಹಿಂದೆ, ಎರಡು ಹೆಜ್ಜೆ.

ನಾನು ಆತುರಪಟ್ಟಿರಲಿಲ್ಲ. ಹೇಳಿದ್ದನ್ನು ಮಾಡಿದ್ದೆ.

ಮೂರು ಬಾರಿ ಕೂಡಿದೆ. ನಾಲ್ಕನೆಯ ಬಾರಿ ಅಮ್ಮನ ಕೈಲಿ ಕೂಡಿಸಿದೆ. "ಸರಿಯಾಗಿದೆ, ಯಾರದ್ದು ಇದು?" ಎಂದಳು. ಯಾರದ್ದೋ ಎಂದೆ.

ಮಾರ್ಚ್ 25, ಮಂಗಳವಾರ

ಹೋಗಲಿಲ್ಲ.

ಮಾರ್ಚ್ 29, ಶನಿವಾರ

ಮೇಷ್ಟ್ರು ಒಪ್ಪಿಕೊಂಡರು. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾರೆಂದು ತಿಳಿದಿರಲಿಲ್ಲ. ಗ್ಯಾಲರಿಯ ಮೂರನೆಯ ಸಾಲಿನಲ್ಲಿ ಕೂತಿದ್ದರು. ಕಾರ್ಡನ್ನು ಅವರ ತೊಡೆಯ ಮೇಲಿಟ್ಟೆ. ಕನ್ನಡಕ ಹಾಕಿ ನೋಡಿ, ತೆಗೆದು ಮಡಚಿದರು.

"ಇದಾ. ಇದು ಒಳಗೇ ಇತ್ತಾ."

"ಯಾಕೆ ಸರ್?"

"ಫೈನಲ್ಲಿಗೆ ಬಂದ ಮೇಲೆ ಬೆಳ್ಳಿ ಹೇಗೂ ಕೈಯಲ್ಲಿತ್ತು. ಹೋದ್ರೆ ಹೋಗ್ಲಿ ಅಂತ ಚಿನ್ನಕ್ಕೆ ಕೈ ಹಾಕಿದೆ. ಓಡೋ ಕುದುರೆಗೂ ಚಾಟಿ ತೋರಿಸ್ಬೇಕು."

"ಅವಳು ಹೊಡೆದದ್ದು 36.9. ನಮ್ಮ ಕಾರ್ಡಿದ್ದದ್ದು 36. ಚಾಟಿ ಇಲ್ಲದೇ ಇದ್ದಿದ್ರೆ ಚಿನ್ನ ನನ್ನದು."

"ಅದು ಆಮೇಲೆ ಗೊತ್ತಾಗಿದ್ದಲ್ವಾ?"

"ಆಮೇಲೆ ಅಂದ್ರೆ ಅವತ್ತೇ ಸಂಜೆ. ಒಂಬತ್ತು ವರ್ಷ ಆಯ್ತು ಸರ್. ಹುಡುಗಿ ಖಾಲಿ ಮಾಡ್ಕೊಂಡಳು ಅಂತ ಪೇಪರಿನವರಿಗೆ ಹೇಳಿದ್ದು ನೀವೇ."

ಅವರು ಟ್ರ್ಯಾಕ್ ನೋಡುತ್ತಿದ್ದರು. ಹುಡುಗಿ ಮೇಲಿನ ಅಂಚಿನಲ್ಲಿ ಸುಮ್ಮನೆ ಸುತ್ತುತ್ತಿದ್ದಳು. "ಏನು ಹೇಳ್ಬೇಕಿತ್ತು? ನಾನು ತಪ್ಪು ತೋರಿಸಿದೆ ಅಂದಿದ್ರೆ ಆಮೇಲೆ ಯಾವ ಮಗು ನನ್ನ ಕಾಲು ನಂಬ್ತಿತ್ತು?"

ಉತ್ತರ ಸರಿಯಾಗಿಯೇ ಇದೆ. ಅದೇ ಸಿಟ್ಟು.

ಕಾರ್ಡನ್ನು ವಾಪಸ್ ತೆಗೆದುಕೊಂಡೆ. ಅವರು ಕೇಳಲಿಲ್ಲ. ಈಗ ಅದು ಈ ಪುಸ್ತಕದ ಹಿಂದಿನ ರಟ್ಟಿನಲ್ಲಿದೆ.

ನಾಡಿ 52. ತೂಕ ನೋಡಿಕೊಳ್ಳಲಿಲ್ಲ.

ಏಪ್ರಿಲ್ 2, ಬುಧವಾರ

ಬಿಟ್ಟುಬಿಡಬೇಕೆಂದು ಹೊರಟವಳು. ಟ್ರ್ಯಾಕಿನ ಕೀಲಿಕೈ ವಾಪಸ್ ಕೊಡಲು ಹೋದಾಗ ಹುಡುಗಿ ಸ್ಟಾರ್ಟ್ ಗೆರೆಯಲ್ಲಿ ಒಬ್ಬಳೇ ನಿಂತಿದ್ದಳು, ಮೆಕ್ಯಾನಿಕ್ ಅಣ್ಣ ಸೀಟು ಹಿಡಿದಿದ್ದರು. "ಬಾರಮ್ಮ ಬೇಗ," ಎಂದರು, "ಇವಳನ್ನ ಹಿಡ್ಕೊಂಡು ಹಿಡ್ಕೊಂಡು ನನ್ನ ಸೊಂಟಾನೂ ಮೇಷ್ಟ್ರ ಹಾದಿ ಹಿಡೀತಾ ಇದೆ." ಸ್ಟಾಪ್‌ವಾಚ್ ಜೇಬಿನಲ್ಲೇ ಇತ್ತು. ಮೂರು ಬಾರಿ ಹೊರಡಿಸಿದೆ. 22.7, 22.5, 22.4.

ಪೆಡಲಿನ ಹಲ್ಲುಚಕ್ರ ಅವಳಿಗೆ ದೊಡ್ಡದಾಯಿತು. ನನ್ನ ಕಾಲದ ಹಲ್ಲುಚಕ್ರ ಅವಳಿಗೆ ಭಾರ. ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿ ಎಂದು ಅಣ್ಣನಿಗೆ ಹೇಳಿದೆ. ಸರಪಳಿ ಬಿಚ್ಚುವಾಗ ಅವರು ನನ್ನನ್ನು ನೋಡಿ ನಕ್ಕರು. ಏಕೆಂದು ಕೇಳಲಿಲ್ಲ.

ಹುಡುಗಿಯ ನಾಡಿ 48, ತೂಕ 57.5. ಬರೆದಿಡುವ ಅಭ್ಯಾಸ ಅವಳಿಗಿಲ್ಲ. ಸದ್ಯಕ್ಕೆ ಇಲ್ಲಿರಲಿ.

ಏಪ್ರಿಲ್ 5, ಶನಿವಾರ

ಮೇಷ್ಟ್ರ ಆಜ್ಞೆ: ರಾಷ್ಟ್ರೀಯ ಕೂಟದ ಫೈನಲ್ಲಿನಲ್ಲಿ ಹುಡುಗಿಗೆ ಸುಳ್ಳು ತೋರಿಸಬೇಕು.

"ಕಾರ್ಡು 36ಕ್ಕೇ ಬರಿ. ನಿನ್ನ ದಾಖಲೆ ಹೋಗಲಿ. ಆದರೆ ಎಷ್ಟೇ ಮುಂದಿರಲಿ, ಹತ್ತನೇ ಸುತ್ತಿನ ತನಕ ಗೆರೆ ದಾಟಬೇಡ. ಒಂದು ಹೆಜ್ಜೆ ಹಿಂದೇನೇ ನಿಲ್ಲು. ಸೋಮಾರಿ ಅವಳು. ಮುಂದಿದೀನಿ ಅಂತ ಗೊತ್ತಾದ ತಕ್ಷಣ ಕಾಲು ಸಡಿಲ ಬಿಡ್ತಾಳೆ."

"ಅವಳಿಗೆ ಹೇಳಿ ಮಾಡೋಣ."

"ಹೇಳಿ ಮಾಡಿದ್ರೆ ಅದು ಚಾಟಿ ಹೇಗಾಗುತ್ತೆ?"

ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನು ಅವರು ಒಪ್ಪಿಗೆ ಎಂದುಕೊಂಡರು. ಹದಿನಾಲ್ಕು ವರ್ಷದ ಅಭ್ಯಾಸ, ಅವರದೂ ನನ್ನದೂ.

ಏಪ್ರಿಲ್ 11, ಶುಕ್ರವಾರ

ನಾಳೆ ಫೈನಲ್. ಅರ್ಹತಾ ಸುತ್ತಿನಲ್ಲಿ ಹುಡುಗಿ 3 ನಿಮಿಷ 38.9. ಬೆವರೂ ಬಂದಿರಲಿಲ್ಲ.

ಕಾರ್ಡು ಬರೆದೆ. 22.4, ಆಮೇಲೆ 17.6ರಂತೆ ಹನ್ನೊಂದು. ನನ್ನದೇ ಹಳೆಯ ಕಾರ್ಡು, ನಿಜವಾದದ್ದು, ನನಗೆ ಎಂದೂ ತೋರಿಸದೆ ಹೋದದ್ದು.

ಯೋಚಿಸಿ ನೋಡಿದರೆ ನನ್ನ ದಾಖಲೆ ಉಳಿಸಿಕೊಳ್ಳಲು ಎರಡು ದಾರಿಗಳಿವೆ. ಇರುವುದಕ್ಕಿಂತ ಮುಂದೆ ತೋರಿಸಿದರೆ ಅವಳು ಕಾಲು ಬಿಡುತ್ತಾಳೆ. ಇರುವುದಕ್ಕಿಂತ ಹಿಂದೆ ತೋರಿಸಿದರೆ ನನ್ನಂತೆ ಒಂಬತ್ತನೆಯ ಸುತ್ತಿನಲ್ಲಿ ಸಾಯುತ್ತಾಳೆ. ಎರಡನೆಯದಕ್ಕೆ ಮೇಷ್ಟ್ರ ಅಪ್ಪಣೆಯೂ ಇದೆ. ನಾಳೆ ಅವರು ಹೇಳಿದ ಹಾಗೆ ನಿಂತು ಅವಳು ಸತ್ತರೆ ನನ್ನನ್ನು ಯಾರೂ ಒಂದು ಮಾತೂ ಅನ್ನುವಂತಿಲ್ಲ.

ಬರೆದದ್ದನ್ನು ಓದಿದೆ. ಹೊಡೆದುಹಾಕುವುದಿಲ್ಲ. ಯೋಚಿಸಿದ್ದು ನಿಜ.

ಏಪ್ರಿಲ್ 12, ಶನಿವಾರ

ಹುಡುಗಿ ಗೆದ್ದಳು. ದಾಖಲೆ ಉಳಿಯಿತು. ಫಲಕದಲ್ಲಿ ಬಂದ ಅಧಿಕೃತ ಸಮಯ 3 ನಿಮಿಷ 36.58. ನನ್ನ ದಾಖಲೆಗೂ ಅದಕ್ಕೂ 0.17 ಸೆಕೆಂಡು ಅಂತರ. ರೆಪ್ಪೆ ಮುಚ್ಚಿ ತೆರೆಯುವಷ್ಟು.

ನಡೆದದ್ದು ನಡೆದ ಹಾಗೆ. ಹೊರಟದ್ದು 22.4, ಎಳ್ಳಷ್ಟೂ ತಪ್ಪಿಲ್ಲ. ಏಳನೆಯ ಸುತ್ತಿನ ತನಕ ನಾನು ಗೆರೆಯ ಮೇಲೇ ಇದ್ದೆ, ಕದಲುವ ಅಗತ್ಯವೇ ಬರಲಿಲ್ಲ. ಎಂಟಕ್ಕೆ ನನ್ನ ಗಡಿಯಾರದಲ್ಲಿ 145.3. ಕಾರ್ಡಿನಲ್ಲಿ 145.6. ಮುಂದಿದ್ದದ್ದು 0.3.

ಹೆಜ್ಜೆಗೆ ಅರ್ಧ ಸೆಕೆಂಡು. ಕಾಲು ಸೆಕೆಂಡು ದಾಟಿದರೆ ಹೆಜ್ಜೆ ಇಡಬೇಕು, ದಾಟದಿದ್ದರೆ ಇಡಬಾರದು. ಕಲಿಸಿದವರು ಮೇಷ್ಟ್ರೇ. 0.3 ಎಂದರೆ ಕಾಲು ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಅವಳು ಮುಂದಿನ ಸುತ್ತು ಮುಗಿಸಿ ತಿರುವು ಇಳಿಯುವುದರೊಳಗೆ ತೀರ್ಮಾನವಾಗಬೇಕಿತ್ತು. ಗೆರೆಯ ಮುಂದೆ ಒಂದು ಹೆಜ್ಜೆ ಇಟ್ಟೆ.

ಅವಳು ನೋಡಿದಳು. ಹೆಗಲು ಒಂದು ಬೆರಳಷ್ಟು ಇಳಿಯಿತು. ಹೆಗಲು ಇಳಿದರೆ ಏನರ್ಥ ಎಂದು ನನಗೆ ಗೊತ್ತು. ಆಮೇಲೆ 17.7, 17.8. ಹತ್ತಕ್ಕೆ ನಾನು ಮತ್ತೆ ಗೆರೆಯ ಮೇಲೆ. ಹನ್ನೊಂದಕ್ಕೆ ಹಿಂದೆ ಒಂದು ಹೆಜ್ಜೆ. ಕೊನೆಯ ಸುತ್ತಿನ ಗಂಟೆ ಹೊಡೆಯಿತು. ತುಳಿದಳು, ತಡವಾಗಿತ್ತು.

ಮೇಷ್ಟ್ರು ಊರುಗೋಲೂರಿಕೊಂಡು ಕೆಳಗೆ ಬಂದರು. ಸುತ್ತ ವರದಿಗಾರರಿದ್ದರು. "ಎಂಟನೇ ಸುತ್ತಿನಲ್ಲಿ ಅವಳಿಗೆ ಯಾರೋ ಸಾಕು ಅಂದ್ರು," ಎಂದರು. ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಉಳಿದವರೆಲ್ಲ ನೋಡಿದರು.

ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ನಾನು ಹೇಳಿದ ಹಾಗೆ ನಿಂತಿದ್ರೆ ಇವತ್ತು ದಾಖಲೆ ಮುರೀತಿತ್ತು. ಉಳಿಸ್ಕೊಂಡೆ. ಇಟ್ಕೋ."

ಮೆಕ್ಯಾನಿಕ್ ಅಣ್ಣ ಸೈಕಲ್ಲು ತಳ್ಳಿಕೊಂಡು ಹೋದರು. ಹುಡುಗಿ ಪದಕ ಹಾಕಿಸಿಕೊಂಡು ನನ್ನ ಮುಂದೆಯೇ ಹಾದುಹೋದಳು.

ಏಪ್ರಿಲ್ 13, ಭಾನುವಾರ

ಪತ್ರಿಕೆ, ಕ್ರೀಡಾಪುಟ, ಬಲ ಮೂಲೆ: ದಾಖಲೆಗೆ ಕಾವಲು ನಿಂತ ದಾಖಲೆಗಾರ್ತಿ? ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಚಿಹ್ನೆ ಹಾಕಿದರೆ ಕೇಳಿದ ಹಾಗಾಗುತ್ತದೆ, ಹೇಳಿದ ಹಾಗಾಗುವುದಿಲ್ಲ. ಒಂಬತ್ತು ವರ್ಷದ ಹಿಂದೆ ಆ ಮರ್ಯಾದೆಯೂ ಇರಲಿಲ್ಲ. ಸುಧಾರಿಸಿದ್ದಾರೆ.

ಅಮ್ಮ ಪೂರ್ತಿ ಓದಿ ಮಡಚಿಟ್ಟಳು. "ನೀನು ಇದ್ದದ್ದನ್ನೇ ತೋರಿಸಿದ್ಯಾ?"

"ಇದ್ದದ್ದನ್ನೇ."

"ಹಾಗಿದ್ರೆ ಊಟಕ್ಕೆ ಏಳು."

ಎದ್ದೆ. ಅವಳು ಕೇಳದೆ ಬಿಟ್ಟದ್ದು ಇನ್ನೊಂದಿದೆ. ಹೆಜ್ಜೆ ಸರಿಯಾಗಿತ್ತು, ಲೆಕ್ಕ ಸರಿಯಾಗಿತ್ತು. ಆ ಹೆಗಲು ಇಳಿದಾಗ ನನಗೆ ಏನನ್ನಿಸಿತು? ಅದನ್ನು ಅಳೆಯುವ ಗಡಿಯಾರ ನನ್ನ ಹತ್ತಿರ ಇಲ್ಲ. ಇಲ್ಲದಿರುವುದೇ ವಾಸಿ.

ಏಪ್ರಿಲ್ 16, ಬುಧವಾರ

ರೈಲ್ವೆ ಪಾರ್ಸೆಲ್ ಕಚೇರಿಯ ನನ್ನ ನೌಕರಿಗೆ ಪೂರ್ತಿ ಹೊತ್ತಿಗೆ ವಾಪಸಾದೆ. ಇಷ್ಟು ವರ್ಷ ಆಟದ ಹೆಸರಿನಲ್ಲಿ ಅರ್ಧ ದಿನ ಬಿಡುವಿರುತ್ತಿತ್ತು. ಪಕ್ಕದ ಕೌಂಟರಿನವನು ತೂಕದ ಯಂತ್ರದ ಮುಂದೆ ಒಂದು ಹೆಜ್ಜೆ ಇಟ್ಟು, ಮತ್ತೆ ಹಿಂದೆ ಇಟ್ಟು ತೋರಿಸಿದ. ಎಲ್ಲರೂ ನಕ್ಕರು. ಚೆನ್ನಾಗಿಯೇ ಮಾಡಿದ. ನನಗೂ ನಗು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಂದಹಾಗೆ, ಮೊದಲ ಸುತ್ತನ್ನು 22.2ಕ್ಕೆ ತರಬಹುದು. ಅವಳು ಹೊರಡುವಾಗ ಉಸಿರು ಹಿಡಿಯುತ್ತಾಳೆ, ಬಿಡಬೇಕು. ಹೇಳುವವರು ಯಾರೋ.

ಏಪ್ರಿಲ್ 22, ಮಂಗಳವಾರ

ಹುಡುಗಿ ಪಾರ್ಸೆಲ್ ಕೌಂಟರಿಗೆ ಬಂದಿದ್ದಳು. ಸಾಲಿನಲ್ಲಿ ನಿಂತು, ತನ್ನ ಸರದಿ ಬರುವ ತನಕ ಕಾದು, ಕಿಂಡಿಯೊಳಗೆ ಒಂದು ಕಾಗದ ತೂರಿಸಿದಳು. ಫೈನಲ್ಲಿನ ಅಧಿಕೃತ ಸಮಯಪಟ್ಟಿ. ಪಕ್ಕದಲ್ಲಿ ಅವಳ ಕೈಬರಹದಲ್ಲಿ ಪ್ರತಿ ಸುತ್ತಿಗೂ ಒಂದು ಚಿಹ್ನೆ.

"ಮೆಕ್ಯಾನಿಕ್ ಅಣ್ಣ ಟ್ರ್ಯಾಕಿನ ಒಳಗಿಂದ ಫೋನಲ್ಲಿ ವಿಡಿಯೋ ಮಾಡಿದ್ರು ಅಕ್ಕ. ಹತ್ತು ದಿನದಿಂದ ನೋಡ್ತಿದೀನಿ. ಪ್ರತಿ ಸುತ್ತಿಗೂ ನಿಮ್ಮ ಕಾಲು ಎಲ್ಲಿತ್ತು ಅಂತ ಬರೆದೆ."

"ಏನು ಬಂತು?"

"ಒಂದೂ ತಪ್ಪಿಲ್ಲ. ಎಂಟಕ್ಕೆ 0.3 ಮುಂದಿದ್ದೆ. ಒಂದು ಹೆಜ್ಜೆ ಸರಿ." ಅವಳು ಕಿಂಡಿಯ ಕಂಬಿ ಹಿಡಿದಳು. "ಹಾಗಾದ್ರೆ ನಾನೇ ಕಾಲು ಬಿಟ್ಟೆ."

"ಹೌದು."

ಇಲ್ಲ ಎನ್ನಬಹುದಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಇಳಿಯಲಿಲ್ಲ.

"ಮೇಷ್ಟ್ರು ನಿಮಗೆ ಬೇರೆ ಥರ ನಿಲ್ಲೋಕೆ ಹೇಳಿದ್ರಂತೆ. ಅವರೇ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ದಾರೆ. ಯಾಕೆ ನಿಲ್ಲಲಿಲ್ಲ?"

ಚೀಲದಲ್ಲಿ ಈ ಪುಸ್ತಕವಿತ್ತು. ಹಿಂದಿನ ರಟ್ಟಿನಿಂದ ಹಳೆಯ ಕಾರ್ಡು ತೆಗೆದು ಕೊಟ್ಟೆ. ನಿಂತಲ್ಲೇ ಕೂಡಿದಳು, ತುಟಿ ಅಲ್ಲಾಡಿಸುತ್ತಾ. ಹಿಂದಿದ್ದವರು "ಏನಮ್ಮ, ಪ್ರೇಮಪತ್ರ ಓದೋದಾದ್ರೆ ಪಕ್ಕಕ್ಕೆ ಬಾ" ಎಂದರು. ಅವಳಿಗೆ ಕೇಳಿಸಲಿಲ್ಲ.

"ಅಕ್ಕ, ನೀವು ಮುಂದಿದ್ರಿ."

"ಹೂಂ."

"ಇದನ್ನ ಪೇಪರಿಗೆ ಕೊಡಿ."

"ಒಂಬತ್ತು ವರ್ಷದ ಹಳೇ ಪಾರ್ಸೆಲ್ಲು. ಬಿಡಿಸ್ಕೊಳ್ಳೋರು ಯಾರೂ ಇಲ್ಲ." ಕಾರ್ಡು ವಾಪಸ್ ಇಸಿದುಕೊಂಡೆ. "ಹೊರಡುವಾಗ ಉಸಿರು ಹಿಡೀಬೇಡ. ಬಿಡು. ಈಗ ಜಾಗ ಬಿಡು, ಜನ ಕಾಯ್ತಿದ್ದಾರೆ."

ಏಪ್ರಿಲ್ 28, ಸೋಮವಾರ

ಮುಂದಿನ ತಿಂಗಳ ಅಂತರರಾಷ್ಟ್ರೀಯ ಕೂಟಕ್ಕೆ ಗೆರೆ ನಡೆಯಲು ಮೇಷ್ಟ್ರು ತಮ್ಮ ಸಹಾಯಕನನ್ನು ಹಾಕಿದ್ದಾರೆಂದು ಅಣ್ಣ ಫೋನು ಮಾಡಿದರು. ಹುಡುಗಿ ಸಮಿತಿಗೆ ಕಾಗದ ಬರೆದಿದ್ದಾಳಂತೆ, ಅಕ್ಕ ನಿಲ್ಲದಿದ್ದರೆ ತಾನು ಸೈಕಲ್ಲು ಹತ್ತುವುದಿಲ್ಲವೆಂದು. "ಮೇಷ್ಟ್ರ ಮುಖ ನೋಡ್ಬೇಕಿತ್ತು ನೀನು. ಸರಪಳಿ ಕಳಚಿದ ಸೈಕಲ್ಲು."

ಮೂರ್ಖ ಹುಡುಗಿ. ಹತ್ತೊಂಬತ್ತನೆಯ ವಯಸ್ಸಿಗೆ ಸಮಿತಿಯನ್ನು ಎದುರು ಹಾಕಿಕೊಳ್ಳುವುದೇ? ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಬರೆಯಲೂ ಇಲ್ಲ.

ಮೇ 6, ಮಂಗಳವಾರ

ಗುರುವಾರದ ಅಂತರರಾಷ್ಟ್ರೀಯ ಕೂಟದ ಕೆಲಸದ ಪಟ್ಟಿಯಲ್ಲಿ 'ಗೆರೆ' ಎಂಬ ಪದದ ಎದುರು ನನ್ನ ಹೆಸರಿದೆ. ತಿಳಿಸಿದ್ದು ಸಮಿತಿಯಲ್ಲ, ಮೇಷ್ಟ್ರಂತೂ ಅಲ್ಲ, ಮೆಕ್ಯಾನಿಕ್ ಅಣ್ಣ.

ಮೇಷ್ಟ್ರು ಗ್ಯಾಲರಿಯಲ್ಲಿದ್ದರು. ಹಾದುಹೋಗುವಾಗ ಊರುಗೋಲು ಅಡ್ಡ ಹಿಡಿದರು. "ದಾಖಲೆ ಮುರಿದ್ರೆ ನಿನ್ನ ಹೆಸರೇ ಅಳಿಸಿ ಹೋಗೋದು. ಯೋಚನೆ ಮಾಡಿದ್ಯಾ?"

"ಮಾಡಿದೀನಿ ಸರ್. ಪಕ್ಕಕ್ಕೆ ತೆಗೀರಿ."

ತೆಗೆದರು. ಅವರನ್ನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಅವರು ಕಲಿಸಿದ ಕಾಲು ಸೆಕೆಂಡಿನ ನಿಯಮ ಮಾತ್ರ ಸರಿಯಾಗಿದೆ, ಅದನ್ನು ಇಟ್ಟುಕೊಂಡಿದ್ದೇನೆ.

ಹುಡುಗಿಯೂ ನಾನೂ ನೆಲದ ಮೇಲೆ ಕೂತು ಕಾರ್ಡು ಬರೆದೆವು. ಮೊದಲ ಸುತ್ತು 22.2. ಉಳಿದದ್ದು ತಲಾ 17.5. ಒಟ್ಟು 3 ನಿಮಿಷ 34.7. ನಾನು 17.6 ಅಂದೆ, ಅವಳು 17.4 ಅಂದಳು, ಜಗಳವಾಡಿ ನಡುವೆ ನಿಂತೆವು. ಅವಳ ಕೈಬರಹ, ನನ್ನ ಪೆನ್ಸಿಲು. ಎರಡು ಪ್ರತಿ. ಒಂದು ನನ್ನ ಕೈಯಲ್ಲಿರುತ್ತದೆ. ಇನ್ನೊಂದನ್ನು ಅಣ್ಣ ಅವಳ ಹ್ಯಾಂಡಲ್ಲಿಗೆ ಟೇಪಿನಲ್ಲಿ ಅಂಟಿಸಿದ್ದಾರೆ.

"ಇದನ್ನ ಓದ್ಕೊಂಡು ಸೈಕಲ್ ಹೊಡಿಯೋಕೆ ಆಗುತ್ತಾ?" ಎಂದು ಅಣ್ಣ ಕೇಳಿದರು.

"ಓದಲ್ಲ ಅಣ್ಣ," ಎಂದಳು ಹುಡುಗಿ. "ಇರಲಿ ಅಂತ."

ಅವಳ ನಾಡಿ 47. ತೂಕ 57.3. ನಿದ್ದೆ ಏಳೂವರೆ ಗಂಟೆ. ಮಂಡಿಗಳು ಎರಡೂ ಸರಿಯಾಗಿವೆ.

ಗುರುವಾರ ಬೆಳಿಗ್ಗೆ 9.10ಕ್ಕೆ ಅರ್ಹತಾ ಸುತ್ತು. ಎಂಟೂವರೆಗೆ ಗೆರೆಯ ಹತ್ತಿರ ಇರಬೇಕು.